ಎರಡನೇ ಪ್ರತಿ ಎಲ್ಲಿರಬೇಕು?

ಕಾಫಿ ತೋಟದ ಹಳೆಯ ಲೆಕ್ಕದ ಪುಸ್ತಕದಿಂದ ಎ4 ಅಳತೆಯ ಒಂದು ಪುಟ ತೆಗೆದು, ಇಂಚಿಗೆ 300 ಚುಕ್ಕೆಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಕುಗ್ಗಿಸದೆ ಇಟ್ಟರೆ ಅದು ಸುಮಾರು 26 ಎಂಬಿ ಜಾಗ ತಿನ್ನುತ್ತದೆ. ಮಾಸಿದ ಶಾಯಿ ಚೆನ್ನಾಗಿ ಕಾಣಲೆಂದು 600 ಚುಕ್ಕೆಗೆ ಏರಿಸಿದರೆ ಅದೇ ಪುಟ 104 ಎಂಬಿ. ನಾಲ್ಕು ನೂರು ಪುಟದ ಪುಸ್ತಕಕ್ಕೆ ಹತ್ತಿರಹತ್ತಿರ 42 ಜಿಬಿ. ಅಂಥ ನೂರು ಪುಸ್ತಕ ಸೇರಿದರೆ ನಾಲ್ಕು ಟಿಬಿ ದಾಟಿತು.

ಕೊಡಗಿನ ಒಂದು ದೊಡ್ಡ ಒಕ್ಕದ, ಅಂದರೆ ಮನೆತನದ, ಮೂಲಮನೆಯಾದ ಐನ್‌ಮನೆಯಲ್ಲೋ ಮಡಿಕೇರಿಯ ಹಳೆಯ ಸಂಘವೊಂದರ ಕಚೇರಿಯಲ್ಲೋ ಇಷ್ಟು ಕಾಗದ ಸಿಗುವುದು ಅಪರೂಪವಲ್ಲ. ಜಮ್ಮಾ ಭೂಮಿಯ ಸನ್ನದು, ಕಂದಾಯದ ರಸೀದಿ, ಕೂಲಿಯವರ ಹಾಜರಿ ಪಟ್ಟಿ, ಕಾಫಿ ಮಾರಿದ ಲೆಕ್ಕ, ಸೇನೆಯಿಂದ ಬಂದ ಪತ್ರ, ಮದುವೆಯ ಫೋಟೊ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬೆರೆತಿರುತ್ತವೆ. ನೆನಪನ್ನು ಬರೆದಿಡುವ ವಿಷಯದಲ್ಲಿ ಕೊಡಗು ಹಿಂದೆ ಬಿದ್ದ ನಾಡೂ ಅಲ್ಲ. ಬಾಯಿಂದ ಬಾಯಿಗೆ ಬಂದಿದ್ದ ಹಾಡು, ಪದ್ಧತಿ, ಗಾದೆಗಳನ್ನು ಕಲೆಹಾಕಿ ನಡಿಕೇರಿಯಂಡ ಚಿಣ್ಣಪ್ಪ ‘ಪಟ್ಟೋಲೆ ಪಳಮೆ’ಯನ್ನು 1924ರಲ್ಲೇ ಅಚ್ಚು ಹಾಕಿಸಿದರು. ಅವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ 2003ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಬಳಿಕ ಊರೂರು ಸುತ್ತಿ ಐನ್‌ಮನೆಗಳ ಚಿತ್ರ, ವಿವರ ಸೇರಿಸಿ 2014ರಲ್ಲಿ ಇನ್ನೊಂದು ಪುಸ್ತಕ ಮಾಡಿದರು. ನಂಜಮ್ಮ ಸಂಖ್ಯಾಶಾಸ್ತ್ರಜ್ಞೆ, ಅವರ ಪತಿ ಎಂಜಿನಿಯರ್. ದಾಖಲೆಯ ಬೆಲೆ ಗೊತ್ತಿದ್ದ ಜೋಡಿ.

ಅಚ್ಚಾದ ಪುಸ್ತಕಕ್ಕೆ ಒಂದು ಅನುಕೂಲ ತಾನಾಗಿಯೇ ಒದಗುತ್ತದೆ: ಅದರ ಪ್ರತಿಗಳು ಹತ್ತಾರು ಊರಿಗೆ ಚದುರಿಹೋಗುತ್ತವೆ. ಒಂದು ಮನೆಗೆ ಬೆಂಕಿ ಬಿದ್ದರೂ ಪುಸ್ತಕ ಸಾಯುವುದಿಲ್ಲ. ಸ್ಕ್ಯಾನ್ ಮಾಡಿದ ಕಡತಕ್ಕೆ ಆ ಭಾಗ್ಯವಿಲ್ಲ. ಅದು ಯಾವ ಡಿಸ್ಕಿನಲ್ಲಿ ಕೂತಿತೋ ಅಲ್ಲೇ ಇರುತ್ತದೆ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಜೋಡುಪಾಲದ ಗುಡ್ಡಗಳು ಜಾರಿದಾಗ ಮನೆಯೊಂದಿಗೆ ಪೆಟ್ಟಿಗೆಯೂ ಹೋಯಿತು. ಪಕ್ಕದ ಮೇಜಿನ ಮೇಲೆ ಒಂದು ಕಂಪ್ಯೂಟರು ಇದ್ದಿದ್ದರೆ ಅದೂ ಹೋಗುತ್ತಿತ್ತು.

ಹಾಗಾಗಿ ಸರ್ವರಿನಲ್ಲಿ ಸಂಗ್ರಹ ನಿರ್ವಹಣೆಯ ತಂತ್ರಾಂಶ ಹಾಕುವುದೆಂದರೆ, ಪ್ರತಿಗಳನ್ನು ಚದುರಿಸುವ ಹಳೆಯ ಕೆಲಸವನ್ನು ಯಂತ್ರದ ಕೈಯಲ್ಲಿ ಮಾಡಿಸುವುದು. ಆಜ್ಞೆಗಳನ್ನು ಟೈಪ್ ಮಾಡುವುದಕ್ಕೆ ಅರ್ಧ ದಿನ ಸಾಕು. ಏನು ಕೈಕೊಟ್ಟರೆ ಏನು ಉಳಿಯಬೇಕು ಎಂದು ತೀರ್ಮಾನಿಸುವುದಕ್ಕೇ ಹೆಚ್ಚು ಹೊತ್ತು ಬೇಕು.

ಮಡಿಕೇರಿಯಲ್ಲಿ ಒಂದು ಸಣ್ಣ ಕಚೇರಿ ಇದೆ ಎಂದುಕೊಳ್ಳೋಣ. ಡೆಬಿಯನ್ ಲಿನಕ್ಸ್ ಹಾಕಿದ ಒಂದು ಸರ್ವರು, ಅದರಲ್ಲಿ ವ್ಯವಸ್ಥೆಗೆಂದು ಒಂದು ಚಿಕ್ಕ ಎಸ್‌ಎಸ್‌ಡಿ, ಕಡತಗಳಿಗೆಂದು 8 ಟಿಬಿಯ ಎರಡು ಹಾರ್ಡ್ ಡಿಸ್ಕ್. ಮೊದಲು ಕೊಡುವ ಆಜ್ಞೆ ‘ಎಲ್‌ಎಸ್‌ಬಿಎಲ್‌ಕೆ’. ಪರದೆಯ ಮೇಲೆ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳು ಸಾಲಾಗಿ ಬರುತ್ತವೆ. ಈ ಹೆಸರುಗಳನ್ನು ನಂಬಬಾರದು. ಇವತ್ತು ಎಸ್‌ಡಿಬಿ ಆಗಿದ್ದ ಡಿಸ್ಕ್, ಯಂತ್ರ ಆರಿ ಮತ್ತೆ ಹತ್ತಿದಾಗ ಎಸ್‌ಡಿಸಿ ಆಗಿರಬಹುದು. ಲಿನಕ್ಸ್ ಡಿಸ್ಕುಗಳನ್ನು ತನಗೆ ಸಿಕ್ಕಿದ ಕ್ರಮದಲ್ಲಿ ಕರೆಯುತ್ತದೆ. ನಂಬಬೇಕಾದದ್ದು ಡಿಸ್ಕಿನ ಸೀರಿಯಲ್ ನಂಬರನ್ನು. ಅನುಭವಸ್ಥರು ಆ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಬಿಳಿ ಟೇಪಿನ ಮೇಲೆ ಬರೆದು ಡಿಸ್ಕಿನ ಮುಂಬದಿಗೆ ಅಂಟಿಸುತ್ತಾರೆ. ಮೂರು ವರ್ಷದ ನಂತರ ಒಂದು ಡಿಸ್ಕ್ ಕೆಟ್ಟು, ಬದಲಿಸಲು ಕುಳಿತ ಹುಡುಗ ಅವಸರದಲ್ಲಿ ಒಳ್ಳೆಯ ಡಿಸ್ಕನ್ನೇ ಕಿತ್ತು ಕೆಟ್ಟದ್ದನ್ನು ಬಿಡುವ ಅನಾಹುತ ಈ ಟೇಪಿನಿಂದ ತಪ್ಪುತ್ತದೆ.

ಇದೇ ಕಾರಣಕ್ಕೆ ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿ, ಅಂದರೆ ಯಂತ್ರ ಹತ್ತಿದೊಡನೆ ಯಾವ ಡಿಸ್ಕನ್ನು ಯಾವ ಫೋಲ್ಡರಿಗೆ ಜೋಡಿಸಬೇಕೆಂದು ಹೇಳುವ ಪಟ್ಟಿಯಲ್ಲಿ, ಎಸ್‌ಡಿಬಿ ಎಂದು ಬರೆಯದೆ ಯುಯುಐಡಿ ಎಂಬ ಉದ್ದನೆಯ ಗುರುತುಸಂಖ್ಯೆ ಬರೆಯುತ್ತಾರೆ. ಜತೆಗೆ ‘ನೋಫೇಲ್’ ಎಂಬ ಪದವನ್ನೂ ಸೇರಿಸುವುದು ಕೊಡಗಿನಂಥ ಕಡೆ ಜಾಣತನ. ಅದಿಲ್ಲದಿದ್ದರೆ, ಒಂದು ಡಿಸ್ಕ್ ಕಾಣಿಸದ ದಿನ ಸರ್ವರು ಅರ್ಧಕ್ಕೇ ನಿಂತು ತುರ್ತು ಸ್ಥಿತಿಯ ಕಪ್ಪು ಪರದೆ ತೋರಿಸುತ್ತದೆ. ಕೀಬೋರ್ಡ್ ಮುಂದೆ ಯಾರಾದರೂ ಬಂದು ಕೂರುವ ತನಕ ಅದು ಅಲ್ಲಾಡುವುದಿಲ್ಲ. ರಸ್ತೆಗೆ ಮರ ಬಿದ್ದ ದಿನ ಬರುವವರು ಯಾರು?

ಮುಂದಿನ ಪದರ ಎಲ್‌ವಿಎಂ. ಹೈಂಜ್ ಮೌಯೆಲ್ಸ್‌ಹಾಗನ್ ಎಂಬ ಜರ್ಮನ್ ತಂತ್ರಜ್ಞ 1998ರಲ್ಲಿ, ಎಚ್‌ಪಿ ಕಂಪನಿಯ ಯುನಿಕ್ಸ್‌ನಲ್ಲಿದ್ದ ಮಾದರಿ ನೋಡಿಕೊಂಡು ಲಿನಕ್ಸಿಗೆ ಇದನ್ನು ಬರೆದರು. ಹಲವು ತೋಟದ ಹಣ್ಣು ಒಂದೇ ಕಣಕ್ಕೆ ಬಂದು ಬಿದ್ದ ಮೇಲೆ ಯಾವ ಮೂಟೆ ಯಾವ ಗಿಡದ್ದೆಂದು ಯಾರೂ ಕೇಳುವುದಿಲ್ಲವಲ್ಲ, ಎಲ್‌ವಿಎಂ ಡಿಸ್ಕುಗಳಿಗೆ ಮಾಡುವುದೂ ಅದನ್ನೇ. ‘ಪಿವಿಕ್ರಿಯೇಟ್’ ಡಿಸ್ಕನ್ನು ಒಪ್ಪಿಸಿಕೊಳ್ಳುತ್ತದೆ, ‘ವಿಜಿಕ್ರಿಯೇಟ್’ ಎಲ್ಲವನ್ನೂ ಒಂದು ಗುಂಪಿಗೆ ಸುರಿಯುತ್ತದೆ, ‘ಎಲ್‌ವಿಕ್ರಿಯೇಟ್’ ಆ ಗುಂಪಿನಿಂದ ಬೇಕಾದಷ್ಟು ಅಳೆದು ಕೊಡುತ್ತದೆ. ನಾಳೆ ಜಾಗ ಸಾಲದಿದ್ದರೆ ಇನ್ನೊಂದು ಡಿಸ್ಕ್ ತಂದು ಗುಂಪಿಗೆ ಸೇರಿಸಿ ವಾಲ್ಯೂಮನ್ನು ಹಿಗ್ಗಿಸಬಹುದು. ಕಡತ ತೆರೆದು ಕೆಲಸ ಮಾಡುತ್ತಿರುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಕಷ್ಟ. ದೊಡ್ಡ ಕಡತಗಳಿಗೆ ಹೇಳಿ ಮಾಡಿಸಿದಂತಿರುವ ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ಮನ್ನು ಕುಗ್ಗಿಸುವ ದಾರಿ ಇಲ್ಲವೆಂದೇ ತಿಳಿಯಬೇಕು. ಆದ್ದರಿಂದ ಮೊದಲ ದಿನವೇ ಇದ್ದ ಜಾಗವನ್ನೆಲ್ಲ ಹಂಚಿಬಿಡುವುದು ಬೇಡ.

ಇನ್ನೊಂದು ಬಲೆ ‘ಥಿನ್ ಪೂಲ್’. ಕೈಯಲ್ಲಿ ನಾಲ್ಕು ಟಿಬಿ ಇದ್ದರೂ ಹತ್ತು ಟಿಬಿ ಇದೆಯೆಂದು ವಾಲ್ಯೂಮಿಗೆ ಹೇಳಿ, ಬರೆದಂತೆಲ್ಲ ನಿಜವಾದ ಜಾಗ ಕೊಡುತ್ತ ಹೋಗುವ ಏರ್ಪಾಡು ಅದು. ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್‌ಗಳನ್ನು ಹಗುರವಾಗಿ ತೆಗೆಯಲು ಅದು ಅನುಕೂಲ. ಆದರೆ ಪೂಲ್ ನಿಜವಾಗಿ ತುಂಬಿದ ದಿನ ಬರಹ ನಿಲ್ಲುತ್ತದೆ, ಫೈಲ್ ಸಿಸ್ಟಮ್ ಕೆಡುವ ಭಯವೂ ಇರುತ್ತದೆ. ತುಂಬುವ ಮುಂಚೆ ತಾನೇ ಹಿಗ್ಗು ಎನ್ನುವ ಸೌಲಭ್ಯ ಎಲ್‌ವಿಎಂನಲ್ಲೇ ಇದೆ. ಅದರ ಸಂರಚನಾ ಕಡತದಲ್ಲಿ ಈ ಮಿತಿ ಮೊದಲಿಗೆ ಶೇ 100 ಎಂದಿರುತ್ತದೆ. ನೂರು ಎಂದರೆ ಸೌಲಭ್ಯ ಬಂದ್ ಎಂದೇ ಅರ್ಥ. ಅದನ್ನು 70 ಅಥವಾ 80ಕ್ಕೆ ಇಳಿಸದಿದ್ದರೆ ಸೌಲಭ್ಯ ಇದ್ದೂ ಇಲ್ಲದಂತೆ. ಹೀಗೆ ಮುಖ್ಯವಾದದ್ದನ್ನು ಮುಚ್ಚಿಟ್ಟು ಕೊಡುವ ಪೂರ್ವನಿಯೋಜಿತ ಮೌಲ್ಯಗಳೇ ಸರ್ವರು ಹಾಕುವವರ ಅರ್ಧ ತಲೆನೋವು.

ಎಲ್‌ವಿಎಂ ಜಾಗವನ್ನು ಕೂಡಿಸುತ್ತದೆ, ಪ್ರತಿ ಮಾಡಬೇಕೆಂದು ಹೇಳದ ಹೊರತು ಪ್ರತಿ ಮಾಡುವುದಿಲ್ಲ. ಎರಡು ಡಿಸ್ಕನ್ನು ಬರಿದೆ ಒಂದು ಗುಂಪಿಗೆ ಸೇರಿಸಿದರೆ 16 ಟಿಬಿ ಸಿಗುತ್ತದೆ, ಒಂದು ಕೆಟ್ಟರೂ ಗುಂಪಿಗೆ ಗುಂಪೇ ಕುಂಟುತ್ತದೆ. ಅದಕ್ಕೆ ಕೆಳಗೆ ರೇಡ್ ಬೇಕು. ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರ ಪ್ರಬಂಧದಲ್ಲಿ ಇದಕ್ಕೆ ಹೆಸರಿಟ್ಟರು: ದುಬಾರಿ ಡಿಸ್ಕ್ ಒಂದರ ಬದಲು ಅಗ್ಗದ ಡಿಸ್ಕ್ ಹಲವನ್ನು ಜೋಡಿಸಿ. ಎರಡು ಡಿಸ್ಕಿನ ಕಚೇರಿಗೆ ರೇಡ್ 1 ಸಾಕು. ಬರೆದದ್ದೆಲ್ಲ ಎರಡರಲ್ಲೂ ಬೀಳುತ್ತದೆ, ಸಿಗುವ ಜಾಗ 8 ಟಿಬಿ. ಲಿನಕ್ಸಿನಲ್ಲಿ ‘ಎಂಡಿಎಡಿಎಂ’ ಎಂಬ ಸಾಧನ ಈ ಕೆಲಸ ಮಾಡುತ್ತದೆ.

ಡಿಸ್ಕ್ ಮೂರಿದ್ದರೆ ಜನ ರೇಡ್ 5ಕ್ಕೆ ಆಸೆ ಪಡುತ್ತಾರೆ. ಎರಡು ಡಿಸ್ಕಿನಲ್ಲಿ ಕಡತದ ಚೂರುಗಳು, ಮೂರನೆಯದರಲ್ಲಿ ಆ ಚೂರುಗಳ ತಾಳೆ. ಮೊದಲ ಡಿಸ್ಕಿನ ಬಿಟ್ 1, ಎರಡನೆಯದರದ್ದು 0 ಆದರೆ ತಾಳೆ 1. ಎರಡೂ ಒಂದೇ ಆಗಿದ್ದರೆ ತಾಳೆ 0. ಯಾವುದೇ ಒಂದು ಕಳೆದರೂ ಉಳಿದೆರಡರಿಂದ ಕಳೆದದ್ದನ್ನು ಲೆಕ್ಕ ಹಾಕಿ ತೆಗೆಯಬಹುದು. ಅಚ್ಚುಕಟ್ಟಾದ ಗಣಿತ. ತಾಳೆಯನ್ನು ಒಂದೇ ಡಿಸ್ಕಿಗೆ ಹೊರಿಸದೆ ಸರದಿಯಂತೆ ಮೂರಕ್ಕೂ ಹಂಚುತ್ತಾರೆ. ತೊಂದರೆ ಇರುವುದು ಕರೆಂಟಿನಲ್ಲಿ. ಚೂರು ಬರೆದಾಯಿತು, ತಾಳೆ ಬರೆಯುವಷ್ಟರಲ್ಲಿ ವಿದ್ಯುತ್ ಹೋಯಿತು ಎಂದುಕೊಳ್ಳಿ. ಈಗ ತಾಳೆಗೂ ಚೂರಿಗೂ ಹೊಂದಾಣಿಕೆ ಇಲ್ಲ. ಅದನ್ನು ಮತ್ತೆ ಸರಿಹೊಂದಿಸುವ ಮುಂಚೆಯೇ ಒಂದು ಡಿಸ್ಕ್ ಕೆಟ್ಟು, ಲೆಕ್ಕ ಹಾಕಿ ತೆಗೆದ ದಿನ ಸನ್ನದಿನ ಚಿತ್ರದ ನಡುವೆ ಒಂದು ಪಟ್ಟಿ ಕಸವಾಗಿ ಬರುತ್ತದೆ. ತಂತ್ರಜ್ಞರು ಇದನ್ನು ‘ರೈಟ್ ಹೋಲ್’ ಎನ್ನುತ್ತಾರೆ.

ಕೊಡಗಿನಲ್ಲಿ ಇದು ಪುಸ್ತಕದ ಭಯವಲ್ಲ. ಮಡಿಕೇರಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ, ಭಾಗಮಂಡಲದ ಕಡೆಗೆ ಇನ್ನೂ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಕಾಡು, ತೋಟದ ನಡುವೆ ಎಳೆದ ತಂತಿಯ ಮೇಲೆ ಸಿಲ್ವರ್ ಓಕ್ ಕೊಂಬೆ ಬಿದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್‌ಗಳು ಆ ಮಳೆಯಲ್ಲೇ ಹತ್ತಬೇಕು. ಹೋದ ಕರೆಂಟು ಹೋಗಿಯೇ ಇದ್ದರೆ ಪರವಾಗಿಲ್ಲ. ಬಂದು ಹೋಗಿ, ಬಂದು ಹೋಗಿ ಮಾಡುವುದೇ ಡಿಸ್ಕಿಗೆ ಕಂಟಕ.

ಪರಿಹಾರ ಎರಡು. ಒಂದು ಯುಪಿಎಸ್. ಆದರೆ ಬ್ಯಾಟರಿ ಇಟ್ಟರಷ್ಟೇ ಸಾಲದು, ಬ್ಯಾಟರಿ ಮುಗಿಯುತ್ತ ಬಂದಿದೆಯೆಂದು ಸರ್ವರಿಗೆ ತಿಳಿಯಬೇಕು. ಯುಪಿಎಸ್‌ನಿಂದ ಸರ್ವರಿಗೆ ಒಂದು ಯುಎಸ್‌ಬಿ ತಂತಿ ಎಳೆದು, ‘ನಟ್’ ಎಂಬ ಸಣ್ಣ ತಂತ್ರಾಂಶ ಹಾಕಿದರೆ ಸಮಯಕ್ಕೆ ಸರಿಯಾಗಿ ಯಂತ್ರ ತಾನೇ ಕಡತ ಮುಚ್ಚಿ ಮಲಗುತ್ತದೆ. ಬಹಳ ಕಚೇರಿಗಳಲ್ಲಿ ಆ ತಂತಿ ಯುಪಿಎಸ್ ಬಂದ ಡಬ್ಬದಲ್ಲೇ ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಎರಡನೆಯದು ಝಡ್‌ಎಫ್‌ಎಸ್. ಸನ್ ಮೈಕ್ರೊಸಿಸ್ಟಮ್ಸ್ ಕಂಪನಿಯಲ್ಲಿ ಜೆಫ್ ಬಾನ್ವಿಕ್ ಮತ್ತು ಮ್ಯಾಥ್ಯೂ ಅಹ್ರೆನ್ಸ್ 2001ರಲ್ಲಿ ಕೈಹಾಕಿ, 2005ರಲ್ಲಿ ಮುಕ್ತವಾಗಿ ಬಿಟ್ಟ ಈ ವ್ಯವಸ್ಥೆ ರೇಡ್, ಎಲ್‌ವಿಎಂ, ಫೈಲ್ ಸಿಸ್ಟಮ್ ಮೂರನ್ನೂ ಒಂದೇ ಕೈಯಲ್ಲಿ ಹಿಡಿಯುತ್ತದೆ. ಹಳೆಯ ಬ್ಲಾಕಿನ ಮೇಲೆ ಎಂದೂ ಬರೆಯದೆ ಹೊಸ ಜಾಗದಲ್ಲಿ ಬರೆದು, ಮುಗಿದ ಮೇಲೆ ವಿಳಾಸ ಬದಲಿಸುವುದರಿಂದ ಅರ್ಧ ಬರೆದ ಸ್ಥಿತಿ ಎಂಬುದು ಉಳಿಯುವುದಿಲ್ಲ. ಪ್ರತಿ ಬ್ಲಾಕಿಗೂ ಚೆಕ್‌ಸಮ್ ಇಡುತ್ತದೆ. ಎರಡು ಪ್ರತಿಗಳಲ್ಲಿ ಯಾವುದು ಕೆಟ್ಟಿತೆಂದು ಅದಕ್ಕೆ ಗೊತ್ತು, ಒಳ್ಳೆಯದರಿಂದ ಕೆಟ್ಟದ್ದನ್ನು ತಿದ್ದುತ್ತದೆ. ಸಾದಾ ರೇಡ್ 1ಕ್ಕೆ ಎರಡು ಪ್ರತಿ ಬೇರೆಬೇರೆ ಎಂದು ತಿಳಿದರೂ ಸರಿ ಯಾವುದೆಂದು ತಿಳಿಯದು. ಪರವಾನಗಿಯ ತಕರಾರಿನಿಂದ ಝಡ್‌ಎಫ್‌ಎಸ್ ಲಿನಕ್ಸ್ ಕರ್ನೆಲ್ಲಿನೊಳಗೆ ಸೇರಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು. ಅಷ್ಟು ಕಷ್ಟ ಪಡಲು ಅಡ್ಡಿಯಿಲ್ಲ. ಒಂದೇ ಸರ್ವರಿನ ಕಚೇರಿ ಕಣ್ಣುಮುಚ್ಚಿ ಝಡ್‌ಎಫ್‌ಎಸ್ ಮಿರರ್ ಆರಿಸಿಕೊಳ್ಳಬಹುದು.

ಮಳೆಯ ಇನ್ನೊಂದು ಉಪದ್ರವ ತೇವ. ಮಡಿಕೇರಿಯಲ್ಲಿ ಚರ್ಮದ ಚಪ್ಪಲಿಗೂ ಕ್ಯಾಮೆರಾ ಲೆನ್ಸಿಗೂ ಬೂಸ್ಟು ಹಿಡಿಯುವ ತಿಂಗಳುಗಳಲ್ಲಿ ಹಾರ್ಡ್ ಡಿಸ್ಕ್ ಉಸಿರಾಡುತ್ತಿರುತ್ತದೆ. ಹೀಲಿಯಂ ತುಂಬಿ ಬೆಸೆದ ಡಿಸ್ಕುಗಳನ್ನು ಬಿಟ್ಟರೆ ಉಳಿದವಕ್ಕೆ ಸಣ್ಣದೊಂದು ಸೋಸುಕದ ರಂಧ್ರ ಇದೆ. ಓದುವ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ಗಾಳಿಯ ಮೆತ್ತೆಯಲ್ಲಿ ತೇಲುವುದರಿಂದ ಒಳಗೆ ಗಾಳಿ ಇರಲೇಬೇಕು. ತೇವವನ್ನು ಡಿಸ್ಕ್ ಸಹಿಸುತ್ತದೆ, ಹನಿಗಟ್ಟುವುದನ್ನು ಸಹಿಸದು. ಸದಾ ಓಡುವ ಸರ್ವರು ತನ್ನ ಬಿಸಿಯಲ್ಲೇ ಒಣಗಿರುತ್ತದೆ. ವಾರಗಟ್ಟಲೆ ಆರಿಸಿಟ್ಟು ಒಮ್ಮೆಗೇ ಹಚ್ಚುವ ಡಿಸ್ಕಿಗೇ ಅಪಾಯ ಹೆಚ್ಚು.

ಇಲ್ಲಿಗೆ ಒಂದು ಯಂತ್ರದ ಕತೆ ಮುಗಿಯಿತು. ಯಂತ್ರವೇ ಹೋದರೆ?

ಈ ಪ್ರಶ್ನೆಗೆ ಜಗತ್ತು ಬಳಸಿದ ಉತ್ತರಗಳಲ್ಲಿ ಒಂದು ಹೆಚ್ಚಿನಂಶ ಬೆಂಗಳೂರಿನಲ್ಲಿ ಬರೆದದ್ದು. ತಮಿಳುನಾಡು ಮೂಲದ ಆನಂದ್ ಬಾಬು ಪೆರಿಯಸಾಮಿ ಅಮೆರಿಕದ ಕ್ಯಾಲಿಫೋರ್ನಿಯಾ ಡಿಜಿಟಲ್ ಕಂಪನಿಯಲ್ಲಿದ್ದಾಗ, ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯಕ್ಕೆ ‘ಥಂಡರ್’ ಎಂಬ ಸೂಪರ್ ಕಂಪ್ಯೂಟರನ್ನು ಆ ಕಂಪನಿ ಕಟ್ಟಿಕೊಟ್ಟಿತು. 2004ರ ಜೂನ್ ಪಟ್ಟಿಯಲ್ಲಿ ಅದು ಜಗತ್ತಿನ ಎರಡನೇ ಅತಿ ವೇಗದ ಯಂತ್ರ. ಸಾಮಾನ್ಯ ಕಂಪ್ಯೂಟರುಗಳನ್ನು ಜೋಡಿಸಿ ಅಷ್ಟು ವೇಗ ತರಬಹುದಾದರೆ ಸಾಮಾನ್ಯ ಡಿಸ್ಕುಗಳನ್ನು ಜೋಡಿಸಿ ದೊಡ್ಡ ಸಂಗ್ರಹವನ್ನು ಏಕೆ ಕಟ್ಟಬಾರದು ಎಂಬ ವಿಚಾರ ಗ್ಲಸ್ಟರ್ ಎಂಬ ತಂತ್ರಾಂಶವಾಯಿತು, ಕಂಪನಿಯೂ ಆಯಿತು. ಅದರ ಎಂಜಿನಿಯರಿಂಗ್ ತಂಡ ಬೆಂಗಳೂರಿನಲ್ಲಿ ಬೆಳೆಯಿತು. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಅದನ್ನು ಸುಮಾರು 13.6 ಕೋಟಿ ಡಾಲರಿಗೆ ಕೊಂಡಿತು.

ಗ್ಲಸ್ಟರಿನ ಜಾಣತನ ಇರುವುದು ಅದು ಇಟ್ಟುಕೊಳ್ಳದ ಒಂದು ವಸ್ತುವಿನಲ್ಲಿ. ಯಾವ ಕಡತ ಯಾವ ಸರ್ವರಿನಲ್ಲಿದೆ ಎಂಬ ಕೇಂದ್ರ ಪಟ್ಟಿ ಅದರಲ್ಲಿಲ್ಲ. ಕಡತದ ಹೆಸರನ್ನೇ ಒಂದು ಹ್ಯಾಷ್ ಲೆಕ್ಕಕ್ಕೆ ಹಾಕಿದರೆ ಸೊನ್ನೆಯಿಂದ 429 ಕೋಟಿ ಚಿಲ್ಲರೆಯವರೆಗಿನ ಒಂದು ಸಂಖ್ಯೆ ಬರುತ್ತದೆ. ಆ ವ್ಯಾಪ್ತಿಯನ್ನು ಸರ್ವರುಗಳು ಮೊದಲೇ ಪಾಲು ಮಾಡಿಕೊಂಡಿರುತ್ತವೆ. ಸಂಖ್ಯೆ ಯಾರ ಪಾಲಿಗೆ ಬಿತ್ತೋ ಕಡತ ಅವರ ಬಳಿ. ಪಟ್ಟಿ ಇಲ್ಲದ ಮೇಲೆ ಪಟ್ಟಿ ಕಳೆಯುವ ಭಯವೂ ಇಲ್ಲ. ಕಡತಗಳು ಕೆಳಗಿನ ಎಕ್ಸ್‌ಎಫ್‌ಎಸ್‌ನಲ್ಲಿ ಸಾಮಾನ್ಯವಾಗಿ ಇಡಿಯಾಗಿಯೇ ಕೂತಿರುವುದರಿಂದ, ತಂತ್ರಾಂಶವೇ ಕೈಕೊಟ್ಟ ದಿನವೂ ಡಿಸ್ಕ್ ತೆರೆದು ಕಡತವನ್ನು ಕಣ್ಣಿಂದ ನೋಡಬಹುದು.

ಹಾಕುವಾಗ ಕಾಣುವ ಒಂದು ಸಣ್ಣ ಸಂಗತಿ ಈ ತಂಡದ ಮನಸ್ಸನ್ನು ತೋರಿಸುತ್ತದೆ. ಗ್ಲಸ್ಟರಿಗೆ ಕೊಡುವ ಫೋಲ್ಡರಿಗೆ ‘ಬ್ರಿಕ್’ ಎನ್ನುತ್ತಾರೆ. ಡಿಸ್ಕನ್ನು ಜೋಡಿಸಿದ ಫೋಲ್ಡರನ್ನೇ ಬ್ರಿಕ್ ಎಂದು ಕೊಟ್ಟರೆ ಅದು ಒಪ್ಪುವುದಿಲ್ಲ, ಒಳಗೊಂದು ಉಪಫೋಲ್ಡರ್ ಮಾಡಿ ಕೊಡಿ ಎನ್ನುತ್ತದೆ. ಹುಡುಗಾಟದಂತೆ ಕಾಣುವ ಈ ಹಟಕ್ಕೆ ಕಾರಣವಿದೆ. ಒಂದು ದಿನ ಡಿಸ್ಕ್ ಹತ್ತದೆ ಹೋದರೆ ಜೋಡಣೆಯ ಫೋಲ್ಡರ್ ಮಾತ್ರ ಖಾಲಿಯಾಗಿ ಉಳಿದಿರುತ್ತದೆ. ಅದಕ್ಕೇ ಬರೆಯುತ್ತ ಹೋದರೆ ಚಿಕ್ಕ ಎಸ್‌ಎಸ್‌ಡಿ ತುಂಬಿ ಇಡೀ ಸರ್ವರು ಕೂರುತ್ತದೆ. ಉಪಫೋಲ್ಡರ್ ಆದರೆ ಡಿಸ್ಕಿನ ಜತೆಯಲ್ಲೇ ಮಾಯವಾಗುತ್ತದೆ, ಬ್ರಿಕ್ ಆರಂಭವಾಗಲು ನಿರಾಕರಿಸುತ್ತದೆ, ತೊಂದರೆ ತಕ್ಷಣ ಬಯಲಾಗುತ್ತದೆ. ಆಜ್ಞೆಯ ಕೊನೆಗೆ ‘ಫೋರ್ಸ್’ ಎಂದು ಸೇರಿಸಿ ಈ ತಡೆಯನ್ನು ದಾಟಬಹುದು. ಅವಸರದವರೆಲ್ಲ ಸೇರಿಸುತ್ತಾರೆ.

ಎರಡು ಸರ್ವರಿಗೆ ಒಂದೊಂದು ಪ್ರತಿ ಎಂದು ಕೇಳಿದರೂ ಗ್ಲಸ್ಟರ್ ಎಚ್ಚರಿಸುತ್ತದೆ: ಎರಡು ಪ್ರತಿಯ ಏರ್ಪಾಡಿನಲ್ಲಿ ‘ಸ್ಪ್ಲಿಟ್ ಬ್ರೈನ್’ ಆಗುವ ಸಾಧ್ಯತೆ ಇದೆ ಎಂದು. ಹಳೆ ಕಟ್ಟಡದಲ್ಲೊಂದು, ಹೊಸ ಕಟ್ಟಡದಲ್ಲೊಂದು ಸರ್ವರು ಇದೆ, ನಡುವಿನ ಕೇಬಲ್ಲನ್ನು ಇಲಿ ಕಡಿಯಿತು ಎಂದುಕೊಳ್ಳಿ. ಎರಡೂ ಬದುಕಿವೆ, ಎರಡಕ್ಕೂ ಎದುರಿನದು ಸತ್ತಿದೆ ಎಂಬ ಭಾವನೆ. ಈ ಕಟ್ಟಡದವರು ಒಂದೇ ಕಡತಕ್ಕೆ ಒಂದು ತಿದ್ದುಪಡಿ ಬರೆದರು, ಆ ಕಟ್ಟಡದವರು ಇನ್ನೊಂದು. ಕೇಬಲ್ ಸರಿಯಾದ ಮೇಲೆ ಯಾವುದು ಸತ್ಯ? ಯಂತ್ರಕ್ಕೆ ತೀರ್ಪು ಕೊಡಲಾಗದು. ಅದಕ್ಕೇ ಮೂರನೆಯವರು ಬೇಕು. ಮೂರರಲ್ಲಿ ಇಬ್ಬರು ಪರಸ್ಪರ ಕಾಣುತ್ತಿದ್ದರೆ ಅವರದ್ದೇ ಬಹುಮತ; ಒಂಟಿಯಾದವರು ಬರಹ ನಿಲ್ಲಿಸಬೇಕು. ಮೂರನೇ ಪೂರ್ಣ ಪ್ರತಿಗೆ ದುಡ್ಡಿಲ್ಲದವರಿಗಾಗಿ 2015ರ ಆವೃತ್ತಿಯಲ್ಲಿ ‘ಆರ್ಬಿಟರ್’ ಬಂತು. ಕಡತದ ಒಡಲನ್ನು ಇಟ್ಟುಕೊಳ್ಳದೆ ಹೆಸರು, ತಿದ್ದುಪಡಿಯ ಗುರುತು ಮಾತ್ರ ಇಟ್ಟುಕೊಳ್ಳುವ ಸಾಕ್ಷಿ ಅದು. ಮೂಲೆಯಲ್ಲಿ ಬಿದ್ದ ಹಳೆಯ ಕಂಪ್ಯೂಟರು ಸಾಕು.

ಹಾಗಾದರೆ ಒಂದು ಪ್ರತಿ ಮಡಿಕೇರಿಯಲ್ಲಿ, ಇನ್ನೊಂದು ಮೈಸೂರಿನಲ್ಲಿ ಇಡಬಹುದಲ್ಲ? ಈ ಬಗೆಯ ಪ್ರತಿಯಲ್ಲಿ ಕೂಡದು. ಇಲ್ಲಿ ಬರೆದದ್ದು ಅಲ್ಲಿಯೂ ಬಿದ್ದ ಮೇಲೆಯೇ ಬರಹ ಮುಗಿಯಿತೆಂಬ ಲೆಕ್ಕ. ಸುಮಾರು 120 ಕಿಲೊಮೀಟರ್ ದೂರದ ಇಂಟರ್ನೆಟ್ ತೊದಲಿದರೆ ಇಲ್ಲಿಯ ಮೇಜಿನ ಮುಂದೆ ಕೂತವರ ಕೆಲಸವೂ ತೊದಲುತ್ತದೆ. ಸರ್ವರೊಂದು ಇದ್ದಕ್ಕಿದ್ದಂತೆ ಮೌನವಾದರೆ ಅದು ಸತ್ತಿತೆಂದು ಒಪ್ಪಿಕೊಳ್ಳಲು ಗ್ಲಸ್ಟರ್ 42 ಸೆಕೆಂಡು ಕಾಯುತ್ತದೆ. ಅಷ್ಟು ಹೊತ್ತು ಪರದೆ ಮರಗಟ್ಟಿರುತ್ತದೆ.

ದೂರದ ಊರಿಗೆ ಬೇರೆಯೇ ದಾರಿ ಇದೆ, ‘ಜಿಯೊ ರೆಪ್ಲಿಕೇಶನ್’. ಇಲ್ಲಿ ಬರಹ ಸ್ಥಳೀಯವಾಗಿ ಮುಗಿಯುತ್ತದೆ. ಏನು ಬದಲಾಯಿತೆಂಬ ದಿನಚರಿಯನ್ನು ಪ್ರತಿ ಬ್ರಿಕ್ಕೂ ಬರೆದಿಟ್ಟುಕೊಳ್ಳುತ್ತದೆ. ಇನ್ನೊಂದು ಪ್ರಕ್ರಿಯೆ ಆ ದಿನಚರಿ ಓದಿ, ಬದಲಾದದ್ದನ್ನು ಮಾತ್ರ ಎಸ್‌ಎಸ್‌ಎಚ್ ಸುರಂಗದ ಮೂಲಕ ದೂರದ ಯಂತ್ರಕ್ಕೆ ಸಾಗಿಸುತ್ತದೆ. ಸಂಪರ್ಕ ಎರಡು ದಿನ ಕಡಿದರೆ ದಿನಚರಿ ಬೆಳೆಯುತ್ತದೆ, ಸಂಪರ್ಕ ಬಂದೊಡನೆ ಬಾಕಿ ತೀರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರಿನ ಕೊಡಗಿಗೆ ಹೊಂದುವ ಏರ್ಪಾಡು ಇದು.

ಈ ಭಾಗದ ಕೋಡನ್ನು ವರ್ಷಗಟ್ಟಲೆ ನೋಡಿಕೊಂಡವರಲ್ಲಿ ಒಬ್ಬರು ಅರವಿಂದ ವಿ.ಕೆ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಅವರ ಹೆಸರು ಬೇರೆ ಕಾರಣಕ್ಕೆ ಪರಿಚಿತ: ‘ಗುಬ್ಬಿ’ ಮತ್ತು ‘ನವಿಲು’ ಎಂಬ ಮುಕ್ತ ಫಾಂಟುಗಳು ಅವರವು, ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವೂ ಅವರದೇ. ಮುಂದೆ ಅವರು ಗ್ಲಸ್ಟರ್ ತಂಡದಲ್ಲೇ ಇದ್ದ ಅಮರ್ ತುಂಬಳ್ಳಿಯವರ ಜತೆ ಸೇರಿ ‘ಕಡಲು’ ಎಂಬ ಹೆಸರಿನ ಸಂಗ್ರಹ ತಂತ್ರಾಂಶ ಕಟ್ಟಿದರು. ಕೆಳಗೆ ಗ್ಲಸ್ಟರಿನ ಫೈಲ್ ಸಿಸ್ಟಮ್ಮೇ, ಮೇಲಿನ ನಿರ್ವಹಣೆ ಹೊಸದು, ಕ್ರಿಸ್ಟಲ್ ಎಂಬ ಭಾಷೆಯಲ್ಲಿ ಬರೆದದ್ದು. ಒಂದು ಸರ್ವರು ಯಜಮಾನ, ಉಳಿದವು ಅದರ ಏಜೆಂಟರು. ಮೊದಲು ಆಡಳಿತಗಾರನ ಖಾತೆ ತೆರೆದು ಲಾಗಿನ್ ಆಗಬೇಕು, ಆಮೇಲೆ ಯಂತ್ರಗಳನ್ನು ಸೇರಿಸಿ ಪೂಲ್ ಕಟ್ಟಬೇಕು. ಯಾರು ಆಜ್ಞೆ ಕೊಟ್ಟರೆಂದು ಕೇಳದೆ ಸರ್ವರಿನ ಮುಂದೆ ಕೂತವರ ಮಾತನ್ನೆಲ್ಲ ಪಾಲಿಸುವ ಹಳೆಯ ಪದ್ಧತಿಗಿಂತ ಇದು ಲೇಸು.

ತಂತ್ರಾಂಶಕ್ಕೂ ಆಯುಷ್ಯವಿದೆ. ರೆಡ್ ಹ್ಯಾಟ್ ತಾನು ಮಾರುತ್ತಿದ್ದ ಗ್ಲಸ್ಟರ್ ಉತ್ಪನ್ನದ ಬೆಂಬಲವನ್ನು 2024ರ ಡಿಸೆಂಬರ್ 31ಕ್ಕೆ ಮುಗಿಸಿತು. ಕೋಡ್ ಮುಕ್ತವಾಗಿದೆ, ನಿಜ. ಆದರೂ ಇಂದು ಹೊಸದಾಗಿ ಆರಂಭಿಸುವ ಸಣ್ಣ ಕಚೇರಿ ನೇರವಾಗಿ ಅದಕ್ಕೆ ಕೈಹಾಕುವುದಕ್ಕಿಂತ, ಮಡಿಕೇರಿಯಲ್ಲಿ ಒಂದು ಝಡ್‌ಎಫ್‌ಎಸ್ ಸರ್ವರು, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನೆಂಟರ ಮನೆಯಲ್ಲಿ ಇನ್ನೊಂದು, ನಡುವೆ ರಾತ್ರಿ ಹೊತ್ತು ಸ್ನ್ಯಾಪ್‌ಶಾಟ್ ಸಾಗಿಸುವ ‘ಝಡ್‌ಎಫ್‌ಎಸ್ ಸೆಂಡ್’ ಆಜ್ಞೆ, ಇಷ್ಟರಲ್ಲಿ ಮುಗಿಸುವುದು ವಿವೇಕ. ಹತ್ತಾರು ಸರ್ವರುಗಳ ಸಂಸ್ಥೆಗೆ ಮಾತ್ರ ಹಂಚಿಕೆಯ ಸಂಗ್ರಹ ಬೇಕು. ಎಲ್‌ವಿಎಂ ಮೇಲೆ ಗ್ಲಸ್ಟರ್, ಅದರ ಮೇಲೆ ಕುಬರ್ನೆಟಿಸ್ ಎಂಬ ಮತ್ತೊಂದು ತಂತ್ರಾಂಶ ಎಂದು ಗೋಪುರ ಕಟ್ಟಿ, ಕಟ್ಟಿದವರು ಕೆಲಸ ಬಿಟ್ಟುಹೋದ ಮೇಲೆ ಬಿಚ್ಚಲು ಬಾರದೆ ಕೂರುವ ಕಚೇರಿಗಳು ಎಲ್ಲ ಊರಲ್ಲೂ ಇವೆ.

ಯಾವುದನ್ನೇ ಆರಿಸಿದರೂ ಒಂದು ಮಾತು ತಲೆಯಲ್ಲಿರಲಿ. ರೇಡ್ ಆಗಲಿ, ಗ್ಲಸ್ಟರ್ ಆಗಲಿ, ಜಿಯೊ ರೆಪ್ಲಿಕೇಶನ್ ಆಗಲಿ ಹೇಳಿದ್ದನ್ನು ಪಾಲಿಸುವ ಯಂತ್ರಗಳು. ಒಂದು ಫೋಲ್ಡರನ್ನು ಕೈತಪ್ಪಿ ಅಳಿಸಿದರೆ ಆ ಅಳಿಸುವಿಕೆಯೂ ನಿಷ್ಠೆಯಿಂದ ಎಲ್ಲ ಪ್ರತಿಗೂ ತಲುಪುತ್ತದೆ, ಮೈಸೂರಿಗೂ. ನಿನ್ನೆಯ ಸ್ಥಿತಿಯನ್ನು ಹಾಗೇ ಹಿಡಿದಿಡುವ ಸ್ನ್ಯಾಪ್‌ಶಾಟ್ ಇಲ್ಲದೆ ಈ ನಷ್ಟಕ್ಕೆ ಔಷಧವಿಲ್ಲ. ದಿನಕ್ಕೊಂದು, ವಾರಕ್ಕೊಂದು, ತಿಂಗಳಿಗೊಂದು ಸ್ನ್ಯಾಪ್‌ಶಾಟ್ ತೆಗೆದು ಹಳೆಯದನ್ನು ತಾನೇ ಕಳೆಯುವಂತೆ ವೇಳಾಪಟ್ಟಿ ಹಾಕಿಡಬಹುದು.

ಇನ್ನು ಎಚ್ಚರಿಕೆಯ ಗಂಟೆ. ಡೆಬಿಯನ್‌ನಲ್ಲಿ ಎಂಡಿಎಡಿಎಂ ಪ್ರತಿ ತಿಂಗಳ ಮೊದಲ ಭಾನುವಾರ ಡಿಸ್ಕುಗಳನ್ನು ತಾನಾಗಿ ತಾಳೆ ನೋಡುತ್ತದೆ, ಒಂದು ಡಿಸ್ಕ್ ಬಿದ್ದುಹೋದರೆ ಮೇಲ್ ಕಳಿಸುತ್ತದೆ. ಬೇರೆ ವಿಳಾಸ ಕೊಡದಿದ್ದರೆ ಆ ಮೇಲ್ ಹೋಗುವುದು ಅದೇ ಯಂತ್ರದೊಳಗಿನ ‘ರೂಟ್’ ಖಾತೆಗೆ, ಅದನ್ನು ಯಾರೂ ತೆರೆಯುವುದಿಲ್ಲ. ಒಂದು ಡಿಸ್ಕ್ ಸತ್ತು ತಿಂಗಳಾಗಿ, ಎರಡನೆಯದೂ ಸತ್ತ ದಿನ ಮೊದಲನೆಯದರ ಸುದ್ದಿ ತಿಳಿಯುವುದು ಹೀಗೆ. ಹೊಸ ಡಿಸ್ಕ್ ಹಾಕಿದ ಮೇಲೂ ಸೆಕೆಂಡಿಗೆ 180 ಎಂಬಿ ವೇಗದಲ್ಲಿ 8 ಟಿಬಿ ನಕಲಾಗಲು ಹನ್ನೆರಡು ತಾಸಿಗೂ ಹೆಚ್ಚು ಬೇಕು. ಅಷ್ಟು ಹೊತ್ತು ಉಳಿದಿರುವುದು ಒಂದೇ ಪ್ರತಿ, ಅದೂ ಎಡೆಬಿಡದೆ ಓಡುತ್ತಿರುವ ಡಿಸ್ಕಿನಲ್ಲಿ.

ಆದ್ದರಿಂದ ಕೊಡಗಿನಲ್ಲಿ ಇಂಥದ್ದೊಂದು ಸರ್ವರು ನಡೆಸುವವರು ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲೇ, ಒಂದು ಕೆಲಸ ಮಾಡಿ. ದೂರದ ಯಂತ್ರದಿಂದ ಯಾವುದಾದರೂ ಹತ್ತು ಕಡತ ಇಳಿಸಿಕೊಳ್ಳಿ, ‘ಎಸ್‌ಎಚ್‌ಎ256ಸಮ್’ ಕೊಟ್ಟು ಇಲ್ಲಿಯ ಮೂಲದೊಂದಿಗೆ ಹೋಲಿಸಿ, ಎರಡು ಕಡತಗಳನ್ನಾದರೂ ತೆರೆದು ಕಣ್ಣಾರೆ ಓದಿ. ಹಾಗೆಯೇ ಯುಪಿಎಸ್‌ನ ಪ್ಲಗ್ ಕಿತ್ತು, ಬ್ಯಾಟರಿ ಮುಗಿಯುತ್ತ ಬರುವವರೆಗೆ ಕಾದು, ಸರ್ವರು ತಾನೇ ಮಲಗುತ್ತದೋ ಇಲ್ಲವೋ ನೋಡಿ. ಮಲಗದಿದ್ದರೆ ಡಬ್ಬದಲ್ಲಿರುವ ಆ ಯುಎಸ್‌ಬಿ ತಂತಿಯನ್ನು ಹುಡುಕಿ.